ಕೈಗೆಲಸದ ಪ್ರಶ್ನೋತ್ತರ: ಬ್ಯಾಂಡಿಗೊಂದು ಮನೆಯಲ್ಲೇ ಮಾಡಿದ ಹಿಂಪರದೆ

ಈ ಸಲದ ಪತ್ರಗಳಲ್ಲಿ ಬಹುಪಾಲು ಹಾಡು-ವಾದ್ಯದ ತಂಡಗಳಿಂದ ಬಂದವು. ವೇದಿಕೆಯ ಹಿಂದೆ ತಂಡದ ಹೆಸರಿರುವ ಪರದೆ ಬೇಕು, ಕೈಯಲ್ಲಿ ದುಡ್ಡು ಕಮ್ಮಿ, ಮನೆಯಲ್ಲೇ ಮಾಡಿಕೊಳ್ಳಬಹುದೇ ಎಂಬುದು ಎಲ್ಲರ ಕೇಳಿಕೆ. ಖಂಡಿತ ಮಾಡಿಕೊಳ್ಳಬಹುದು. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇವೆ: ಹೆಚ್ಚಿನವರು ಇರುವ ಸಮಯವನ್ನೆಲ್ಲ ಬಣ್ಣಕ್ಕೆ ಸುರಿದು, ಪರದೆಯನ್ನು ತೂಗುಹಾಕುವ ಯೋಚನೆಯನ್ನು ಕಾರ್ಯಕ್ರಮದ ದಿನಕ್ಕೆ ಬಿಡುತ್ತಾರೆ. ಕೆಲಸ ಕೆಡುವುದು ಅಲ್ಲೇ. ನೆಟ್ಟಗೆ ಬಿಗಿಯಾಗಿ ನಿಂತ ಬರೀ ಕಪ್ಪು ಬಟ್ಟೆ ಎಷ್ಟೋ ಚೆಂದ. ಎಷ್ಟೇ ಸೊಗಸಾಗಿ ಬರೆದ ಹೆಸರಾದರೂ ಜೋತುಬಿದ್ದರೆ ಸಭೆಯ ಕಣ್ಣು ಹೋಗುವುದು ಸುಕ್ಕಿನ ಮೇಲೆ.

ಪ್ರಶ್ನೆ: ನಾವು ನುಡಿಸುವ ವೇದಿಕೆ ಸುಮಾರು 16 ಅಡಿ ಅಗಲ, ಸೂರಿನ ಎತ್ತರ 10 ಅಡಿ. ಯಾವ ಬಟ್ಟೆ ತರಬೇಕು, ಎಷ್ಟು ತರಬೇಕು? ನಮಗೆ ಸಿಕ್ಕಿರುವುದು 44 ಇಂಚು ಪನ್ನದ್ದು. ಜೋಡಿಸಿ ಹೊಲಿದರೆ ಹೊಲಿಗೆ ಎದ್ದು ಕಾಣುವುದಿಲ್ಲವೇ?

ಉತ್ತರ: ಕಪ್ಪು ಅಥವಾ ಗಾಢ ಬಣ್ಣದ ಸಾದಾ ನೇಯ್ಗೆಯ ಹತ್ತಿ ಬಟ್ಟೆ ತನ್ನಿ. ಚದರ ಮೀಟರಿಗೆ 150 ಗ್ರಾಂ ಆಸುಪಾಸಿನ ದಪ್ಪ ಸಾಕು. ಹೊಳಪಿನ ಬಟ್ಟೆ ಬೇಡ. ಸ್ಯಾಟಿನ್, ತೆಳು ಪಾಲಿಯೆಸ್ಟರ್ ಎರಡೂ ದೀಪದ ಬೆಳಕನ್ನು ಸಭೆಯ ಕಡೆಗೇ ಎಸೆಯುತ್ತವೆ, ಪ್ರತಿ ನೆರಿಗೆಯೂ ಮಿಂಚುತ್ತದೆ. ಹತ್ತಿ ಬೆಳಕನ್ನು ಹೀರಿಕೊಳ್ಳುತ್ತದೆ, ಬಣ್ಣವನ್ನೂ ಚೆನ್ನಾಗಿ ಹಿಡಿಯುತ್ತದೆ.

5 ಮೀಟರಿನ ಮೂರು ತುಂಡು, ಒಟ್ಟು 15 ಮೀಟರ್ ತನ್ನಿ. ಕತ್ತರಿ ಹಾಕುವ ಮೊದಲು ಬಿಸಿನೀರಿನಲ್ಲಿ ಗಂಜಿ ಪೂರ್ತಿ ಬಿಡುವಂತೆ ತೊಳೆದು ಒಣಗಿಸಿ. ಹೊಸ ಹತ್ತಿ ಮೊದಲ ತೊಳೆತಕ್ಕೆ ನೂರಕ್ಕೆ ಐದರಷ್ಟು ಕುಗ್ಗಬಹುದು, ಗಂಜಿ ಉಳಿದರೆ ಬಣ್ಣ ಒಳಗಿಳಿಯದೆ ಮೇಲೇ ಕುಳಿತು ಆಮೇಲೆ ಸಿಪ್ಪೆಯಂತೆ ಏಳುತ್ತದೆ. ಕುಗ್ಗಿದ ಮೇಲೆ ಪ್ರತಿ ತುಂಡು ಸುಮಾರು 15 ಅಡಿ 7 ಇಂಚು ಉದ್ದ, 42 ಇಂಚಿಗೆ ತುಸು ಕಡಿಮೆ ಅಗಲ ಉಳಿಯುತ್ತದೆ.

ತುಂಡುಗಳನ್ನು ಅಡ್ಡಡ್ಡ ಜೋಡಿಸಿ, ಅಂದರೆ ಹೊಲಿಗೆ ನೆಲಕ್ಕೆ ಸಮಾನವಾಗಿ ಹೋಗಲಿ. ನಿಮ್ಮ ಪ್ರಶ್ನೆಯ ಜೀವಾಳ ಇದೇ. ಹೊಲಿಗೆಯ ದಾರ ಬಟ್ಟೆಯನ್ನು ಯಾವಾಗಲೂ ತುಸು ಬಿಗಿಹಿಡಿಯುತ್ತದೆ. ಆ ಬಿಗಿ ಮೇಲಿಂದ ಕೆಳಗೆ ಹೋದರೆ ಹೊಲಿಗೆಯ ಸಾಲು ಗಿಡ್ಡವಾಗಿ, ಅದರ ಎರಡೂ ಪಕ್ಕದ ಬಟ್ಟೆ ಅಲೆಅಲೆಯಾಗಿ ಇಳಿಯುತ್ತದೆ, ಎಷ್ಟು ಎಳೆದರೂ ಸರಿಹೋಗದು. ಅಡ್ಡ ಹೊಲಿಗೆಯಾದರೆ ಕೆಳಗಿನ ತುಂಡಿನ ತೂಕವೇ ಹೊಲಿಗೆಯನ್ನು ಉದ್ದಕ್ಕೂ ಎಳೆದು ಚಪ್ಪಟೆ ಮಾಡುತ್ತದೆ. ರಂಗಭೂಮಿಯ ಬರೆದ ಪರದೆಗಳನ್ನು ಅಡ್ಡ ಹೊಲಿಗೆಯಲ್ಲಿ ಜೋಡಿಸುವುದು ಈ ಕಾರಣಕ್ಕೇ. ಜೀನ್ಸಿನ ಕಾಲಿನಲ್ಲಿ ಕಾಣುವಂಥ, ಅಂಚನ್ನು ಒಳಗೆ ಮಡಿಸಿದ ಜೋಡಿ ಹೊಲಿಗೆ ಹಾಕಿ. ಒಂದೊಂದು ಜೋಡಣೆಗೆ ಒಟ್ಟು 1 ಇಂಚು ಬಟ್ಟೆ ಹೋಗುತ್ತದೆ.

ಪಕ್ಕಗಳಲ್ಲಿ 2 ಇಂಚಿನ ಮಡಿಕೆ. ಮೇಲೆ 3 ಇಂಚು ಮಡಿಸಿ, ಮಡಿಕೆಯೊಳಗೆ ಗಟ್ಟಿ ಪಟ್ಟಿಯೊಂದನ್ನು ಉದ್ದಕ್ಕೂ ಸೇರಿಸಿ ಹೊಲಿಯಿರಿ. ಹಳೆಯ ಬ್ಯಾಗಿನ ನೈಲಾನ್ ಪಟ್ಟಿಯೂ ಆದೀತು. ಕೆಳಗೆ 5 ಇಂಚು ಮಡಿಸಿ ಕೊಳವೆ ತೂರುವಂತೆ ಎರಡೂ ತುದಿ ಬಿಡಿ. ಸಿದ್ಧವಾದ ಪರದೆ 15 ಅಡಿ 3 ಇಂಚು ಅಗಲ, ಒಂಬತ್ತೂವರೆ ಅಡಿ ಎತ್ತರ ಬರುತ್ತದೆ. ಮೇಲಂಚಿನಲ್ಲಿ ಪಕ್ಕದಿಂದ ಒಂದೂವರೆ ಇಂಚು ಬಿಟ್ಟು ಮೊದಲ ಐಲೆಟ್ (ಲೋಹದ ಬಳೆ ಕೂರಿಸಿದ ತೂತು), ಅಲ್ಲಿಂದ ಅಡಿಗೊಂದರಂತೆ ಒಟ್ಟು 16. ಒಂದೊಂದಕ್ಕೂ 2 ಅಡಿ ಉದ್ದದ ಹತ್ತಿ ಲಾಡಿ ಕಟ್ಟಿ. ಐಲೆಟ್‌ಗಳ ಅಂತರ ಎರಡಡಿ ಮೀರಿದರೆ ಮೇಲಂಚು ತೋರಣದಂತೆ ಬಾಗುತ್ತದೆ, ಅಲ್ಲಿಂದ ಸುಕ್ಕು ಓರೆಯಾಗಿ ನಡುವಿನವರೆಗೂ ಇಳಿಯುತ್ತದೆ.

ಪ್ರಶ್ನೆ: ಹೊಲಿಗೆ ಯಂತ್ರ ಇಲ್ಲ, ಹೊಲಿಯಲೂ ಬರುವುದಿಲ್ಲ.

ಉತ್ತರ: ಹಾಗಾದರೆ ಒಂದೇ ಪರದೆಯ ಆಸೆ ಬಿಡಿ. ಒಂದೊಂದು ಪನ್ನದ ಮೂರು ಉದ್ದ ಪಟ್ಟಿಗಳನ್ನು ನಡುವೆ ಒಂದೊಂದು ಅಡಿ ಜಾಗ ಬಿಟ್ಟು ಇಳಿಬಿಡಿ. ಜೋಡಣೆಯ ಹೊಲಿಗೆಯೇ ಬೇಡ, ಮೇಲೆ ಕೆಳಗೆ ಮಡಿಸಿ ಕೈಹೊಲಿಗೆ ಹಾಕಿದರೆ ಮುಗಿಯಿತು. ನಡುವಿನದರಲ್ಲಿ ತಂಡದ ಗುರುತು, ಅಕ್ಕಪಕ್ಕದವು ಖಾಲಿ. ಚಿಕ್ಕ ವೇದಿಕೆ ಸಿಕ್ಕ ದಿನ ನಡುವಿನದೊಂದನ್ನೇ ಕಟ್ಟಿದರೂ ನಡೆಯುತ್ತದೆ. ಅಂಟಿನ ಟೇಪಿನಿಂದ ಬಟ್ಟೆಗೆ ಬಟ್ಟೆ ಜೋಡಿಸಲು ಮಾತ್ರ ಹೋಗಬೇಡಿ. ದೀಪದ ಕಾವಿಗೆ ಅಂಟು ಮೆದುವಾಗಿ, ಹಾಡಿನ ನಡುವೆಯೇ ಬಿಟ್ಟುಕೊಳ್ಳುತ್ತದೆ.

ಪ್ರಶ್ನೆ: ನಮ್ಮ ಗುರುತನ್ನು ಕಂಪ್ಯೂಟರಿನಲ್ಲಿ ಮಾಡಿಕೊಂಡಿದ್ದೇವೆ. ಬಟ್ಟೆಯ ಮೇಲೆ ಇಷ್ಟು ದೊಡ್ಡದಾಗಿ ಇಳಿಸುವುದು ಹೇಗೆ? ಅಕ್ಷರ ಎಷ್ಟು ಎತ್ತರ ಇರಬೇಕು? ಹಿಂದೊಮ್ಮೆ ಬರೆದಾಗ ಅಕ್ಷರಗಳ ಸುತ್ತ ಬಟ್ಟೆ ಮುದುಡಿತು, ಅಂಚಿನಲ್ಲಿ ಬಣ್ಣ ಹರಿಯಿತು.

ಉತ್ತರ: ಮೊದಲು ಜಾಗ ನೋಡಿ. ಕುಳಿತ ಡ್ರಮ್ಮರ್‌ನ ತಲೆ ನೆಲದಿಂದ ಸುಮಾರು ನಾಲ್ಕೂವರೆ ಅಡಿ ಎತ್ತರದಲ್ಲಿರುತ್ತದೆ, ಡ್ರಮ್ಮಿನ ಸಿಂಬಲ್ ತಟ್ಟೆಗಳೂ ಅಲ್ಲಿಯೇ. ನಿಂತು ನುಡಿಸುವವರು ಇನ್ನೂ ಎತ್ತರ. ಹಾಗಾಗಿ ಪರದೆಯ ಕೆಳಗಿನ 5 ಅಡಿ ನಿಮ್ಮದಲ್ಲ ಎಂದುಕೊಳ್ಳಿ. ಹೆಸರು ಪೂರ್ತಿ ಮೇಲರ್ಧದಲ್ಲಿರಲಿ.

ಫಲಕ ಬರೆಯುವವರ ಅಂದಾಜಿನಂತೆ 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ ಇದ್ದರೆ ಆರಾಮವಾಗಿ ಓದಬಹುದು. 60 ಅಡಿ ಉದ್ದದ ಸಭಾಂಗಣಕ್ಕೆ 6 ಇಂಚು. ಆದರೆ ನಿಮ್ಮ ವೇದಿಕೆಯಲ್ಲಿ ಮಿನುಗುವ ದೀಪ, ಹೊಗೆ, ಅಡ್ಡ ಓಡಾಡುವ ಜನ ಎಲ್ಲ ಇರುತ್ತದೆ, ಅದಕ್ಕೇ ಮೂರು ಪಟ್ಟು ಹಿಡಿದು 18 ಇಂಚಿಗೆ ಕಡಿಮೆ ಇಳಿಯಬೇಡಿ. ಗೆರೆಯ ದಪ್ಪ ಎತ್ತರದ ಐದು ಅಥವಾ ಆರನೇ ಒಂದು ಭಾಗ, ಅಂದರೆ 3 ಇಂಚಿನ ಸುಮಾರಿಗೆ ಇರಲಿ. ಹೆಸರು ಕನ್ನಡದಲ್ಲಿದ್ದರೆ ಗುಣಿತದ ಚಿಹ್ನೆಗೂ ಒತ್ತಕ್ಷರಕ್ಕೂ ಮೇಲೆ ಕೆಳಗೆ ಜಾಗ ಬಿಟ್ಟೇ ಲೆಕ್ಕ ಹಾಕಿ, ಒತ್ತು ಬಂದ ಕಡೆ ಒಟ್ಟು ಎತ್ತರ ಹತ್ತಿರಹತ್ತಿರ ಎರಡು ಪಟ್ಟಾಗುತ್ತದೆ. ‘ಅ’, ‘ಆ’ಗಳ ಒಳಸುತ್ತು 2 ಇಂಚಾದರೂ ಬಯಲಾಗಿರಲಿ. ಇಲ್ಲದಿದ್ದರೆ ದೂರದಿಂದ ಬರೀ ಬಿಳಿಯ ಗುಂಡು ಕಾಣುತ್ತದೆ.

ಇಳಿಸುವುದಕ್ಕೆ ಪ್ರೊಜೆಕ್ಟರ್ ಎರವಲು ಸಿಕ್ಕರೆ ಬಲು ಸುಲಭ. ಪರದೆಯನ್ನು ಗೋಡೆಗೆ ಬಿಗಿದು, ಪ್ರೊಜೆಕ್ಟರನ್ನು ಅದರ ನಡುಮಧ್ಯಕ್ಕೆ ನೇರ ಎದುರಾಗಿ ಇಡಿ. ಚಿತ್ರದ ಸುತ್ತ ಒಂದು ಆಯತ ಹಾಕಿಕೊಂಡಿರಿ. ಗೋಡೆಯ ಮೇಲೆ ಬಿದ್ದ ಆ ಆಯತದ ಎರಡೂ ಕರ್ಣಗಳನ್ನು ಅಳೆದು ಹೋಲಿಸಿ, ಎದುರುಬದುರು ಅಂಚುಗಳನ್ನೂ ಹಾಗೆಯೇ. ವ್ಯತ್ಯಾಸ ಬಂದರೆ ಯಂತ್ರ ಓರೆಯಾಗಿದೆ, ಹೆಸರು ಒಂದು ಕಡೆ ಹಿಗ್ಗಿಕೊಳ್ಳುತ್ತದೆ. ಕಪ್ಪು ಬಟ್ಟೆಯ ಮೇಲೆ ಒಣ ಸೋಪಿನ ತೆಳು ಚೂರಿನಿಂದ ಗೆರೆ ಎಳೆಯಿರಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಪ್ರೊಜೆಕ್ಟರ್ ಇಲ್ಲದಿದ್ದರೆ ಕಾಗದದ ಚಿತ್ರಕ್ಕೆ 1 ಇಂಚಿನ ಚೌಕ, ಬಟ್ಟೆಗೆ 1 ಅಡಿಯ ಚೌಕ ಹಾಕಿ ಚೌಕದಿಂದ ಚೌಕಕ್ಕೆ ಎತ್ತಿಕೊಳ್ಳಿ. ಬಟ್ಟೆಯ ಮೇಲಿನ ಚೌಕಗಳಿಗೆ ಸೀಮೆಸುಣ್ಣದ ಪುಡಿ ಹಚ್ಚಿದ ದಾರವನ್ನು ಬಡಗಿಗಳು ಹೊಡೆಯುವಂತೆ ಹೊಡೆದರೆ ಗೆರೆ ನೇರ ಬರುತ್ತದೆ.

ಬಣ್ಣಕ್ಕೆ ಗೋಡೆಗೆ ಬಳಿಯುವ ಮ್ಯಾಟ್ ಎಮಲ್ಷನ್ ಸಾಕು. ಮೂರು ಪಾಲು ಬಣ್ಣಕ್ಕೆ ಒಂದು ಪಾಲು ನೀರು ಹಾಕಿ ಎರಡು ತೆಳು ಸಲ ಬಳಿಯಿರಿ. ಒಂದೇ ದಪ್ಪ ಸಲ ಬಳಿದರೆ ಮಡಿಸಿದ ಕಡೆಯೆಲ್ಲ ಬಿರಿಯುತ್ತದೆ. ಬಟ್ಟೆ ಕುಡಿಯುವುದರಿಂದ ಗೋಡೆಯ ಲೆಕ್ಕಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಬಣ್ಣ ಬೇಕು. ಹೆಸರು ಪರದೆಯ ಕಾಲು ಭಾಗ ತುಂಬಿದರೆ ಎರಡು ಸಲಕ್ಕೂ ಸೇರಿ ಸುಮಾರು ಒಂದೂವರೆ ಲೀಟರ್ ಹಿಡಿಯುತ್ತದೆ.

ಅಂಚು ಹರಿಯಲು ಕಾರಣ ನೀರಿನ ಬಣ್ಣ ಟೇಪಿನ ಅಡಿಯಲ್ಲಿ ನೂಲಿನ ಗುಂಟ ಓಡುವುದು. ಟೇಪ್ ಅಂಟಿಸಿ, ಅದರ ಅಂಚಿಗೆ ಮೊದಲು ಬಟ್ಟೆಯದೇ ಬಣ್ಣವನ್ನು, ಅಂದರೆ ಕಪ್ಪಿನ ಮೇಲೆ ಕಪ್ಪನ್ನೇ, ತೆಳುವಾಗಿ ಬಳಿದು ಒಣಗಿಸಿ. ಹರಿಯಬೇಕಾದ್ದು ಹರಿದು ಸಂದು ಮುಚ್ಚಿಬಿಡುತ್ತದೆ. ಆಮೇಲೆ ಬಿಳಿಯನ್ನು ಬ್ರಷ್‌ನಿಂದ ಎಳೆಯದೆ, ಹೆಚ್ಚು ಅದ್ದದ ಸ್ಪಂಜಿನಿಂದ ಒತ್ತಿಒತ್ತಿ ತುಂಬಿ. ಎರಡನೆಯ ಸಲದ ಬಣ್ಣ ಇನ್ನೂ ಹಸಿಯಿರುವಾಗಲೇ ಟೇಪನ್ನು ಹಿಂದಕ್ಕೆ ಮಡಚುತ್ತಾ ಕೀಳಿ. ಅಂಚು ಚಾಕುವಿನಲ್ಲಿ ಕತ್ತರಿಸಿದಂತೆ ನಿಲ್ಲುತ್ತದೆ.

ಮುದುಡುವುದಕ್ಕೆ ಕಾರಣ ಬೇರೆ. ಬಣ್ಣ ಬಿದ್ದಷ್ಟು ಜಾಗ ಒದ್ದೆಯಾಗಿ ಒಣಗುತ್ತಾ ಬಿಗಿದುಕೊಳ್ಳುತ್ತದೆ, ಸುತ್ತಲಿನ ಒಣ ಬಟ್ಟೆ ಸಡಿಲವಾಗಿಯೇ ಉಳಿಯುತ್ತದೆ. ಕೆಳಗೆ ಪಾಲಿಥೀನ್ ಹಾಳೆ ಹಾಸಿ, ಪರದೆಯ ನಾಲ್ಕೂ ಅಂಚನ್ನು ಅಡಿಗೊಂದು ತೂಕವಿಟ್ಟು ಬಿಗಿಯಾಗಿ ಹರಡಿ ಬರೆಯಿರಿ. ಮೊದಲ ಸಲದ ಬಣ್ಣ ಅರೆ ಒಣಗಿದಾಗ ಬಟ್ಟೆಯನ್ನು ಒಮ್ಮೆ ಹಾಳೆಯಿಂದ ಎಬ್ಬಿಸಿ ಮತ್ತೆ ಹರಡಿ, ಇಲ್ಲದಿದ್ದರೆ ಅಡಿಗೆ ಇಳಿದ ಬಣ್ಣ ಹಾಳೆಗೆ ಕಚ್ಚಿಕೊಳ್ಳುತ್ತದೆ. ಎಲ್ಲ ಒಣಗಿದ ಮೇಲೆ, ತೂಕಗಳನ್ನು ಮತ್ತೆ ಇಟ್ಟು, ಇಡೀ ಪರದೆಗೆ ಸ್ಪ್ರೇ ಬಾಟಲಿಯಲ್ಲಿ ಮಂಜಿನಂತೆ ನೀರು ಹಾಯಿಸಿ. ಬರೆದದ್ದು ಬರೆಯದ್ದು ಎರಡೂ ಒಟ್ಟಿಗೆ ಒದ್ದೆಯಾಗಿ ಒಟ್ಟಿಗೆ ಒಣಗಿದರೆ ಮುದುಡಿದ್ದರಲ್ಲಿ ಬಹುಪಾಲು ಹೋಗುತ್ತದೆ.

ಪ್ರಶ್ನೆ: ಬಣ್ಣದ ಬದಲು ಕಪ್ಪು ಬಟ್ಟೆಯ ಮೇಲೆ ಬ್ಲೀಚ್‌ನಿಂದ ಬರೆಯಬಹುದೇ?

ಉತ್ತರ: ಬರೆಯಬಹುದು, ಹತ್ತಿಯಾಗಿದ್ದರೆ ಮಾತ್ರ. ಪಾಲಿಯೆಸ್ಟರಿನ ಬಣ್ಣ ಬಿಡುವುದೇ ಇಲ್ಲ. ಬಿರಿಯುವ ಭಯವಿಲ್ಲ, ಹೇಗೆ ಬೇಕಾದರೂ ಮಡಿಸಬಹುದು. ಆದರೆ ಕಪ್ಪು ಕಳೆದು ಬರುವುದು ಬಿಳಿಯಲ್ಲ, ಸಾಮಾನ್ಯವಾಗಿ ಇಟ್ಟಿಗೆಗೆಂಪು ಇಲ್ಲವೇ ಕಂದು. ಮೂಲೆಯಲ್ಲಿ ಒಂದು ತುಣುಕು ಪರೀಕ್ಷಿಸಿ ನೋಡಿ. ಮನೆಬಳಕೆಯ ಬ್ಲೀಚ್‌ಗೆ ಅಷ್ಟೇ ನೀರು ಬೆರೆಸಿ ಬಯಲಿನಲ್ಲಿ, ಕೈಗವಸು ಹಾಕಿಕೊಂಡು ಬಳಿಯಿರಿ. ಬೇಕಾದ ಬಣ್ಣ ಬಂದ ತಕ್ಷಣ ನೀರಿನಲ್ಲಿ ಜಾಲಿಸಿ, ಒಂದು ಪಾಲು ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್‌ಗೆ ಹತ್ತು ಪಾಲು ನೀರು ಬೆರೆಸಿ ಅದರಲ್ಲಿ ಅದ್ದಿ. ಹಾಗೆ ತಡೆಯದಿದ್ದರೆ ಬ್ಲೀಚ್ ನೂಲನ್ನು ತಿನ್ನುತ್ತಲೇ ಇದ್ದು, ಕೆಲ ತಿಂಗಳಲ್ಲಿ ಅಕ್ಷರಗಳೇ ಕಿತ್ತುಬರುತ್ತವೆ. ಬ್ಲೀಚ್ ನಿಲ್ಲಿಸಲೆಂದು ವಿನೆಗರ್ ಸುರಿಯಬೇಡಿ, ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅದು ವಿಷ.

ಪ್ರಶ್ನೆ: ಪಿವಿಸಿ ಕೊಳವೆಯ ಚೌಕಟ್ಟು ಮಾಡಿದೆವು. ಮೇಲಿನ ಕೊಳವೆ ನಡುವೆ ಬಾಗುತ್ತದೆ, ಇಡೀ ಚೌಕಟ್ಟು ಪಕ್ಕಕ್ಕೆ ವಾಲುತ್ತದೆ. ಕೊಳವೆ ಬಿಟ್ಟು ಹಗ್ಗ ಕಟ್ಟುವುದೇ ಮೇಲೇ?

ಉತ್ತರ: ಹಗ್ಗ ಬೇಡ, ಲೆಕ್ಕ ನೋಡಿ. ಬಣ್ಣ ಮತ್ತು ಕೆಳಗಿನ ಕೊಳವೆ ಸೇರಿ ಪರದೆ 4 ಕಿಲೋ ಎಂದಿಟ್ಟುಕೊಳ್ಳಿ. 15 ಅಡಿ ಹಗ್ಗ ನಡುವೆ 3 ಇಂಚು ಮಾತ್ರ ತಗ್ಗಬೇಕಾದರೆ ಎರಡೂ ತುದಿಯ ಕೊಕ್ಕೆಗಳ ಮೇಲೆ 30 ಕಿಲೋ ಎಳೆತ ಬೀಳುತ್ತದೆ. ತಗ್ಗು 1 ಇಂಚಾಗಬೇಕೆಂದರೆ ಆ ಎಳೆತ 90 ಕಿಲೋ. ಹಗ್ಗ ಬಿಗಿದಷ್ಟೂ ಗೋಡೆಯ ಮೊಳೆಯೇ ಕಿತ್ತುಬರುತ್ತದೆ. ಪರದೆ ನೆಟ್ಟಗೆ ನಿಲ್ಲುವುದು ಬಾಗದ ಕೊಳವೆಯಿಂದಲೇ.

ಕೊಳವೆಯ ಬಾಗು ಅದರ ಉದ್ದದ ನಾಲ್ಕನೇ ಘಾತದಂತೆ ಏರುತ್ತದೆ. ಆಸರೆಯಿಂದ ಆಸರೆಗೆ ದೂರ ಇಮ್ಮಡಿಯಾದರೆ ಬಾಗು 16 ಪಟ್ಟು. ಇದೇ ಲೆಕ್ಕವನ್ನು ತಿರುಗಿಸಿ, ನಡುವೆ ಒಂದು ಕಂಬ ಕೊಟ್ಟರೆ ಬಾಗು ಹದಿನಾರರಲ್ಲಿ ಒಂದಕ್ಕೋ ಅದಕ್ಕೂ ಕೆಳಗೋ ಇಳಿಯುತ್ತದೆ. ದಪ್ಪ ಕೊಳವೆ ಹುಡುಕುವ ಮೊದಲು ಮಾಡಬೇಕಾದ್ದು ಇದು, ಬಟ್ಟೆಯ ಹಿಂದಿರುವ ಕಂಬ ಯಾರಿಗೂ ಕಾಣುವುದಿಲ್ಲ. ಆಮೇಲೂ ಬಾಗು ಉಳಿದರೆ ಮೇಲಿನದೊಂದನ್ನು ಉಕ್ಕಿನ ತೆಳು ಕೊಳವೆಗೆ ಬದಲಿಸಿ. ಅಳತೆ ಅದೇ ಇದ್ದರೂ ಉಕ್ಕು ಪಿವಿಸಿಗಿಂತ ಅರವತ್ತಕ್ಕೂ ಹೆಚ್ಚು ಪಟ್ಟು ಬಿರುಸು.

ಸಾಗಿಸಲು ಅನುಕೂಲವೆಂದು 15 ಅಡಿಯನ್ನು ಐದೈದರ ಮೂರು ತುಂಡು ಮಾಡುವುದು ಹಲವರ ತಪ್ಪು. ಹಾಗೆ ಮಾಡಿದರೆ ಕೀಲುಗಳು ಎರಡು ಕಂಬಗಳ ನಡುವೆ ಗಾಳಿಯಲ್ಲಿ ಬರುತ್ತವೆ, ಬಾಗುವುದೂ ಅಲ್ಲೇ. ಏಳೂವರೆ ಅಡಿಯ ಎರಡು ತುಂಡು ಮಾಡಿ, ಕೀಲು ಸರಿಯಾಗಿ ನಡುಕಂಬದ ನೆತ್ತಿಯ ಮೇಲೆ ಕೂರಲಿ. ಕೀಲಿನ ಒಳಗೆ ಅಡಿಯುದ್ದದ ಮರದ ದುಂಡು ಕೋಲನ್ನು ಬಿಗಿಯಾಗಿ ತೂರಿಸಿ.

ಕಂಬಕ್ಕೆ ಒಂದೂವರೆ ಇಂಚಿನ ಕೊಳವೆ ಸಾಕು. ಪ್ರತಿ ಕಂಬದ ಬುಡಕ್ಕೆ ಹಿಂದೆ ಮುಂದೆ ಚಾಚಿದ ಒಟ್ಟು 4 ಅಡಿಯ ಪಾದ ಇರಲಿ, ಅದರ ಮೇಲೆ 5ರಿಂದ 7 ಕಿಲೋ ಮರಳಿನ ಚೀಲ. ಪಾದದ ‘T’ ಆಕಾರದ ಜೋಡಣೆಗಳಿಗೆ ಮಾತ್ರ ಸಾಲ್ವೆಂಟ್ ಸಿಮೆಂಟ್ (ಪಿವಿಸಿ ಕೊಳವೆಯ ಅಂಟು) ಹಚ್ಚಿ, ಉಳಿದ ಕೀಲುಗಳಿಗೆ ಅಡ್ಡ ತೂತು ಕೊರೆದು ಬೋಲ್ಟ್ ತೂರಿಸಿ. ಬರೀ ಒತ್ತಿ ಕೂರಿಸಿದ ಕೀಲು ಚೌಕಟ್ಟು ಎತ್ತುವಾಗ ಕಳಚಿಕೊಳ್ಳುತ್ತದೆ. ಪಕ್ಕಕ್ಕೆ ವಾಲುವುದಕ್ಕೆ ಮದ್ದು ಎರಡು ಹುರಿಹಗ್ಗ: ಬಟ್ಟೆಯ ಹಿಂದೆ ಎಡ ಮೇಲ್ಮೂಲೆಯಿಂದ ಬಲ ಪಾದಕ್ಕೆ, ಬಲ ಮೇಲ್ಮೂಲೆಯಿಂದ ಎಡ ಪಾದಕ್ಕೆ ಗುಣಿಸು ಚಿಹ್ನೆಯಂತೆ ಕಟ್ಟಿ ಬಿಗಿಯಿರಿ. ಚೌಕಟ್ಟು ಅಲುಗದು.

ಕಟ್ಟುವಾಗ ನಡುವಿನ ಲಾಡಿಯಿಂದ ಶುರುಮಾಡಿ ಎರಡೂ ಪಕ್ಕಕ್ಕೆ ಎಳೆಯುತ್ತಾ ಹೋಗಿ, ಎಳೆದರೆ ಬಿಚ್ಚುವ ಗಂಟು ಹಾಕಿ. ಕೆಳ ಮಡಿಕೆಗೆ ಕೊಳವೆ ತೂರಿಸುವುದನ್ನು ಮರೆಯಬೇಡಿ, ಅರ್ಧ ಸುಕ್ಕನ್ನು ಅದೊಂದೇ ತೆಗೆಯುತ್ತದೆ.

ಪ್ರಶ್ನೆ: ಬೆಂಕಿಯ ಬಗ್ಗೆ ಸಭಾಂಗಣದವರು ಕೇಳುತ್ತಿದ್ದಾರೆ. ಮನೆಯಲ್ಲೇ ಏನಾದರೂ ಮಾಡಬಹುದೇ?

ಉತ್ತರ: ಕೇಳಿದ್ದು ಒಳ್ಳೆಯದೇ ಆಯಿತು. ಒಂದು ಲೀಟರ್ ಬೆಚ್ಚಗಿನ ನೀರಿಗೆ 70 ಗ್ರಾಂ ಬಿಳಿಗಾರ (ಬೋರಾಕ್ಸ್), 30 ಗ್ರಾಂ ಬೋರಿಕ್ ಆಸಿಡ್ ಪುಡಿ ಕರಗಿಸಿ. ನಿಮ್ಮ ಅಳತೆಯ ಪರದೆಗೆ 4 ಲೀಟರ್, ಅಂದರೆ 280 ಮತ್ತು 120 ಗ್ರಾಂ. ಬಣ್ಣ ಒಂದು ದಿನ ಪೂರ್ತಿ ಒಣಗಿದ ಮೇಲೆ ಹಿಂಬದಿಯಿಂದ ಬಟ್ಟೆ ತೊಯ್ಯುವಷ್ಟು ಸಿಂಪಡಿಸಿ, ಹರಡಿಯೇ ಒಣಗಿಸಿ. ಬಣ್ಣಕ್ಕಿಂತ ಮೊದಲು ಹಾಕಬೇಡಿ. ಬಿಳಿಗಾರ ಪಿವಿಎ (ಬಿಳಿ ಅಂಟಿನಲ್ಲಿರುವ ಪದಾರ್ಥ) ಸೇರಿದ ಅಂಟು, ಬಣ್ಣಗಳನ್ನು ಲೋಳೆಗಟ್ಟಿಸುತ್ತದೆ. ಕಪ್ಪು ಬಟ್ಟೆಯ ಮೇಲೆ ಅಲ್ಲಲ್ಲಿ ಬಿಳಿ ಪುಡಿ ಮೂಡಿದರೆ ಮೆತ್ತನೆ ಬ್ರಷ್‌ನಿಂದ ಕೊಡವಿ. ಕೈಗವಸು, ಮುಖಗವಸು ಇರಲಿ, ಅಡುಗೆಯ ಪಾತ್ರೆ ಬಳಸಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಇದು ಹತ್ತಿಗೆ ಹಿಡಿಯುತ್ತದೆ, ಪಾಲಿಯೆಸ್ಟರಿಗಲ್ಲ. ಒಮ್ಮೆ ತೊಳೆದರೆ ಬಟ್ಟೆಯಲ್ಲಿ ಕೂತ ಈ ಬಿಳಿಗಾರದ ಉಪ್ಪು ಪೂರ್ತಿ ಹೋಗುತ್ತದೆ, ಮತ್ತೆ ಸಿಂಪಡಿಸಬೇಕು.

ಪರೀಕ್ಷಿಸಲು ಅದೇ ಬಟ್ಟೆಗೆ ಅದೇ ಬಣ್ಣ, ಅದೇ ದ್ರಾವಣ ಹಾಕಿದ ಅರ್ಧ ಇಂಚು ಅಗಲ, 4 ಇಂಚು ಉದ್ದದ ಚೂರನ್ನು ಬಯಲಿನಲ್ಲಿ, ಬಕೆಟ್ ನೀರಿನ ಮೇಲೆ ಇಕ್ಕಳದಲ್ಲಿ ಹಿಡಿಯಿರಿ. ಕೆಳತುದಿಗೆ ಕಡ್ಡಿಯ ಉರಿಯನ್ನು 12 ಸೆಕೆಂಡು ತಾಗಿಸಿ ತೆಗೆಯಿರಿ. 2 ಸೆಕೆಂಡಿನೊಳಗೆ ತಾನೇ ಆರಬೇಕು, ಉರಿಯುವ ಹನಿ ತೊಟ್ಟಿಕ್ಕಬಾರದು. ಆರದಿದ್ದರೆ ಇನ್ನೊಂದು ಸಲ ಸಿಂಪಡಿಸಿ.

ಸಭಾಂಗಣದವರು ಪ್ರಮಾಣಪತ್ರವನ್ನೇ ಕೇಳಿದರೆ ಮನೆಯ ದ್ರಾವಣ ಅದಕ್ಕೆ ಬದಲಾಗದು. ಆಗ ಕಾರ್ಖಾನೆಯಲ್ಲೇ ಬೆಂಕಿ ತಡೆಯುವಂತೆ ಸಂಸ್ಕರಿಸಿ ಪತ್ರದೊಡನೆ ಮಾರುವ ಬಟ್ಟೆಯನ್ನೇ ಕೊಳ್ಳಿ. ಏನೇ ಮಾಡಿದರೂ ಪರದೆ ಹೊರಬಾಗಿಲನ್ನು ಮರೆಮಾಡಬಾರದು, ಹ್ಯಾಲೊಜೆನ್ ದೀಪದಿಂದ 3 ಅಡಿಯಾದರೂ ದೂರವಿರಬೇಕು.

ಪ್ರಶ್ನೆ: ಇದೇ ಪರದೆಯನ್ನು ಬಯಲು ವೇದಿಕೆಗೆ ಒಯ್ಯಬಹುದೇ?

ಉತ್ತರ: ಬೇಡ. ಗಂಟೆಗೆ 36 ಕಿಲೋಮೀಟರಿನ ಗಾಳಿ ಚದರ ಮೀಟರಿಗೆ ಸುಮಾರು 6 ಕಿಲೋ ಒತ್ತುತ್ತದೆ. ನಿಮ್ಮ ಪರದೆ ಹದಿಮೂರೂವರೆ ಚದರ ಮೀಟರ್, ಅಂದರೆ 80 ಕಿಲೋಗೂ ಮಿಗಿಲಾದ ನೂಕು. ಅದೂ ನೆಲದಿಂದ ಐದಡಿ ಎತ್ತರದಲ್ಲಿ. ಎರಡಡಿ ಚಾಚಿದ ಪಾದ ಅದನ್ನು ತಡೆಯಬೇಕಾದರೆ 200 ಕಿಲೋ ಮರಳು ಹೇರಬೇಕು. ಅಲ್ಲಲ್ಲಿ ಅರ್ಧಚಂದ್ರಾಕಾರದ ತೂತು ಕತ್ತರಿಸಿದರೆ ಗಾಳಿ ಹೋಗುತ್ತದೆಂಬ ನಂಬಿಕೆ ಇದೆ, ಅದರಿಂದ ಇಳಿಯುವ ಒತ್ತಡ ತೀರ ಅಲ್ಪ. ಬಯಲಿಗೆ ಜಾಲರಿ ಬಟ್ಟೆಯದೇ ಬೇರೆ ಪರದೆ ಮಾಡಿ, ವೇದಿಕೆಯ ಗಟ್ಟಿ ಕಂಬಗಳಿಗೇ ಕಟ್ಟಿ. ಡ್ರಮ್ಮರ್ ಕೂರುವುದು ಅದರ ಕೆಳಗೆ, ಇದರಲ್ಲಿ ಧೈರ್ಯ ತೋರಿಸಬೇಡಿ.

ಪ್ರಶ್ನೆ: ಕೆಂಪು ಅಕ್ಷರ ಮನೆಯಲ್ಲಿ ಚೆನ್ನಾಗಿ ಕಂಡಿತು, ವೇದಿಕೆಯಲ್ಲಿ ಮಾಯವಾಯಿತು.

ಉತ್ತರ: ನೀಲಿ ದೀಪದಲ್ಲಿ ಕೆಂಪು ಕಪ್ಪಾಗಿ ಕಾಣುತ್ತದೆ, ಕೆಂಪು ದೀಪದಲ್ಲಿ ಬಿಳಿಯ ಮೇಲಿನ ಕೆಂಪು ಕರಗಿಹೋಗುತ್ತದೆ. ಕಪ್ಪಿನ ಮೇಲೆ ಬಿಳಿ ಅಥವಾ ತಿಳಿಹಳದಿ ಯಾವ ದೀಪಕ್ಕೂ ಹೆದರದು. ಚಿತ್ರವನ್ನು ಫೋನಿನಲ್ಲಿ ಕಪ್ಪುಬಿಳುಪಾಗಿ ಮಾಡಿ ನೋಡಿ, ಅಲ್ಲೇ ಓದಲು ಬಾರದಿದ್ದರೆ ವೇದಿಕೆಯಲ್ಲೂ ಕಷ್ಟ. ದೀಪವನ್ನು ಪರದೆಯ ಪಕ್ಕದಿಂದ ಹಾಯಿಸಬೇಡಿ, ಸಣ್ಣ ಸುಕ್ಕಿಗೂ ಉದ್ದ ನೆರಳು ಬೀಳುತ್ತದೆ. ಎದುರಿನಿಂದ, ತುಸು ಮೇಲಿನಿಂದ ಬರಲಿ. ವಾದ್ಯದವರ ನೆರಳು ಅದರ ಮೇಲೆ ಬೀಳದಂತೆ ಪರದೆಯನ್ನು ಅವರಿಗಿಂತ ಮೂರು ನಾಲ್ಕು ಅಡಿ ಹಿಂದೆ ಕಟ್ಟಿ.

ಪ್ರಶ್ನೆ: ಫ್ಲೆಕ್ಸ್ ಮುದ್ರಿಸಿಬಿಟ್ಟರೆ ಆಗದೇ? ಬಟ್ಟೆಯಾದರೆ ಮಡಿಸಿದ ಕಡೆಯೆಲ್ಲ ಅಂಟಿಕೊಳ್ಳುತ್ತದೆ.

ಉತ್ತರ: ಚದರ ಮೀಟರಿಗೆ 440 ಗ್ರಾಂ ತೂಗುವ ಸಾಮಾನ್ಯ ಫ್ಲೆಕ್ಸ್ ಈ ಅಳತೆಯಲ್ಲಿ 6 ಕಿಲೋ ತೂಗುತ್ತದೆ, ಇದೇ ಹತ್ತಿ ಬಟ್ಟೆ 2 ಕಿಲೋ. ದೀಪ ಬಿದ್ದರೆ ಫ್ಲೆಕ್ಸ್ ಕನ್ನಡಿಯಂತೆ ಹೊಳೆಯುತ್ತದೆ, ಮಡಿಸಿದ ಗೆರೆ ಮಾಸುವುದೇ ಇಲ್ಲ. ಒಂದೇ ದಿನದ ಕೆಲಸಕ್ಕೆ ಸರಿ, ವರ್ಷಗಟ್ಟಲೆ ಒಯ್ಯಲು ಬಟ್ಟೆಯೇ ವಾಸಿ.

ಬಟ್ಟೆ ಅಂಟುವುದು ಬರೆದ ಮುಖಕ್ಕೆ ಬರೆದ ಮುಖ ತಾಗಿದಾಗ. ಎಮಲ್ಷನ್ ಒಣಗಿದ ಮೇಲೂ ಸೆಖೆಗೆ ಮೆದುವಾಗುತ್ತದೆ. ಬರೆದ ಭಾಗಕ್ಕೆ ಟಾಲ್ಕಂ ಪೌಡರ್ ತೆಳುವಾಗಿ ಸವರಿ, ಮೇಲೆ ಹಳೆಯ ಬೆಡ್‌ಶೀಟ್ ಹಾಸಿ, ಬರೆದ ಮುಖ ಹೊರಗೆ ಬರುವಂತೆ 3 ಇಂಚಿನ ಕೊಳವೆಗೆ ಸುತ್ತಿಡಿ. ಸುತ್ತಲು ಜಾಗವಿಲ್ಲದಿದ್ದರೆ ಅಕ್ಷರಗಳ ನಡುವಿನ ಖಾಲಿ ಜಾಗದಲ್ಲಿ ಮಾತ್ರ ಸಡಿಲವಾಗಿ ಮಡಿಸಿ, ಪ್ಲಾಸ್ಟಿಕ್ ಬಿಟ್ಟು ಬಟ್ಟೆಯ ಚೀಲದಲ್ಲಿಡಿ. ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಬರೆದ ಮುಖಕ್ಕೆ ಇಸ್ತ್ರಿ ತಾಗಿಸಬೇಡಿ, ಹಿಂಬದಿಯಿಂದ, ನಡುವೆ ಬಟ್ಟೆ ಇಟ್ಟು ಹದವಾದ ಬಿಸಿಯಲ್ಲಿ ಎಳೆಯಿರಿ. ಇನ್ನೂ ಸುಲಭದ ದಾರಿಯೆಂದರೆ ಕಾರ್ಯಕ್ರಮದ ಹಿಂದಿನ ರಾತ್ರಿಯೇ ಕೆಳಗಿನ ಕೊಳವೆ ಸಮೇತ ತೂಗುಹಾಕಿ ಹಿಂಬದಿಗೆ ಹಗುರಾಗಿ ನೀರು ಹಾಯಿಸಿಬಿಡುವುದು, ಬೆಳಗಾಗುವಷ್ಟರಲ್ಲಿ ತನ್ನ ತೂಕಕ್ಕೇ ನೆಟ್ಟಗಾಗಿರುತ್ತದೆ. ಬಿಳಿಗಾರದ ದ್ರಾವಣ ಹಾಕಿದ ಪರದೆಗೆ ಹಾಯಿಸಿದ ನೀರು ತೊಟ್ಟಿಕ್ಕುವಷ್ಟು ಆಗಬಾರದು, ಹನಿಯ ಜೊತೆ ಉಪ್ಪೂ ಇಳಿದುಹೋಗುತ್ತದೆ.